ಅಸ್ತರು

ಹತ್ತರಲ್ಲಿ ಎಷ್ಟು ಎಂದು ಕೇಳಿದರು
ಮೆಗ್ಗಾನ್ ಆಸ್ಪತ್ರೆಯ ಮಹಡಿಯಲ್ಲಿ.
ಮೂವತ್ತೊಂದು ವರ್ಷ ಟೇಪು ಹಿಡಿದವಳು ನಾನು,
ಎದೆ, ಸೊಂಟ, ತೋಳು, ಭುಜದ ಇಳಿಜಾರು,
ದುರ್ಗಿಗುಡಿಯ ಅರ್ಧ ಹೆಂಗಸರ ಸುತ್ತಳತೆ
ಪುಸ್ತಕ ನೋಡದೆ ಹೇಳಬಲ್ಲೆ.
ಇದಕ್ಕೆ ಯಾವ ತುದಿಯಿಂದ ಹಿಡಿಯಲಿ ಟೇಪು?
ಏಳು ಅಂದೆ. ಬರೆದುಕೊಂಡರು.
ಸಿಟಿ ಬಸ್ಸಿನ ನಂಬರಿನ ಹಾಗಿತ್ತು ಆ ಏಳು,
ನಮ್ಮ ಬೀದಿಗೆ ಬರದ ಬಸ್ಸು.

ಒಂದು ಸಂಜೆ ಸೀರೆಗೆ ಫಾಲ್ ಹಚ್ಚುತ್ತಿದ್ದೆ.
ಕತ್ತೆತ್ತಿದರೆ
ಎಡಭುಜದ ಹಿಂದೆ ಯಾರೋ ಸೂಜಿ ಮರೆತು ಹೋಗಿದ್ದರು.
ಆರು ವರ್ಷವಾಯಿತು,
ಕೇಳಿಕೊಂಡು ಯಾರೂ ಬಂದಿಲ್ಲ.

ನಾದಿನಿ ತುಳಜಾ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು
'ಏನೂ ಇಲ್ಲವಲ್ಲೇ ರುಕ್ಮಾ' ಅಂದಳು.
ಸಮಾಧಾನಕ್ಕೇ ಅಂದದ್ದು, ಪಾಪ.
ಆ ರಾತ್ರಿ ಗೋಡೆ ಕಡೆ ತಿರುಗಿ ಮಲಗಿದೆ,
ಗೋಡೆಗಾದರೂ ಗೊತ್ತಿರಲಿ ಅಂತ.

ಆಮೇಲೆ ಅಫ್ರೀನ್.
ಕಾಜಾ, ಗುಂಡಿ, ಹೆಮ್ಮಿಂಗ್ ಅವಳದು.
ಒಂದು ರವಿಕೆಗೆ ಹುಕ್ಕು ತಿರುವುಮುರುವು ಹಚ್ಚಿದ್ದಳು, ಅಷ್ಟೆ.
ಕತ್ತರಿ ಎಸೆದೆ.
ತಗಲಲಿಲ್ಲ ಅವಳಿಗೆ, ಕೆಂಪು ನೂಲಿನ ರೀಲಿಗೆ ತಗಲಿ
ರೀಲು ಹೊಸ್ತಿಲು ದಾಟಿ, ಚರಂಡಿ ಹಲಗೆ ದಾಟಿ
ರಸ್ತೆಯವರೆಗೆ ಬಿಚ್ಚಿಕೊಳ್ಳುತ್ತಾ ಹೋಯಿತು.
ಅವಳು ಹೋಗಿ, ಸ್ಕೂಟರುಗಳ ನಡುವೆ ನಿಂತು,
ಸುತ್ತಿಕೊಂಡು ಬಂದಳು.
'ಅಕ್ಕಾ, ತುಂಬಾ ನೋಯ್ತಿದೆಯಾ?'
ಅದಕ್ಕೇ ಈ ಮಹಡಿ ಹತ್ತಿದ್ದು ನಾನು.

ಹನ್ನೆರಡು ಪ್ಲಾಸ್ಟಿಕ್ ಕುರ್ಚಿ.
ರೈಲ್ವೆ ಹಳಿ ಕಾಯುತ್ತಿದ್ದ ಹನುಮನಾಯ್ಕರಿಗೆ ಸೊಂಟ,
ಹೊಳೆಹೊನ್ನೂರಿನ ಟೀಚರಮ್ಮನಿಗೆ ಮುಖದ ನರ.
ಕಲಿಸುವವಳು ಇನ್ನೂ ಹುಡುಗಿ.
ಅವಳ ಚೂಡಿದಾರದ ಬಲತೋಳು ಕಾಲಿಂಚು ಎಳೆಯುತ್ತಿತ್ತು.
ಮೊದಲ ಎರಡು ವಾರ ನನ್ನ ಧ್ಯಾನವೆಲ್ಲ ಆ ತೋಳಿನ ಮೇಲೇ.

ಉಸಿರು ನೋಡಿ, ಅಂದಳು.
ನೋಡಿದೆ. ಒಳಗೊಮ್ಮೆ, ಹೊರಗೊಮ್ಮೆ,
ಕಚ್ಚಾ ಹೊಲಿಗೆ ಬಟ್ಟೆಯ ಮೇಲೊಮ್ಮೆ ಅಡಿಗೊಮ್ಮೆ ಹೋದ ಹಾಗೆ.
ಅಯ್ಯೋ ಇದು ಗೊತ್ತಲ್ಲ ನನಗೆ!
ತಾಳಗುಪ್ಪದ ರೈಲು ಕೂಗಿತು.
ಹನುಮನಾಯ್ಕರು ಕಣ್ಣು ಮುಚ್ಚಿಕೊಂಡೇ
'ಹತ್ತು ನಿಮಿಷ ಲೇಟು' ಅಂದರು.

ನೋವಿನ ಹತ್ತಿರ ಹೋಗಿ, ಅಂದಳು ಇನ್ನೊಂದು ದಿನ,
ಓಡಿಸಲಿಕ್ಕಲ್ಲ, ಸುಮ್ಮನೆ ನೋಡಿ ಬರಲಿಕ್ಕೆ.
ಹೋದೆ.
ಪೀಸು ಬಟ್ಟೆಯ ಗುಣ ನೋಡುವ ಹಾಗೆ
ಎರಡು ಬೆರಳ ನಡುವೆ ತಿಕ್ಕಿ ನೋಡಿದೆ.
ಒಂದಲ್ಲ, ಎರಡು ಪದರ.
ಮೇಲಿನದು ನೋವು. ಮೂರಿಂಚು, ಬಿಸಿ,
ಅಂಚು ಎಳೆ ಬಿಟ್ಟದ್ದು.
ಅದರಡಿಗೆ ಅಸ್ತರು:
ಮದುವೆ ಸೀಸನ್ನಿಗೆ ಕೈ ಎದ್ದರೆ ತಾನೆ,
ನಂಬುವವರು ಯಾರು, ನನಗೇ ಯಾಕೆ,
ಕಿಟಕಿಗೆ ಹಿಡಿದ ಎಕ್ಸ್‌ರೇ, ಗಾಳಿಯಲ್ಲಿ ಕತ್ತರಿ.
ಮೂರಿಂಚಿನ ತುಂಡಿಗೆ
ಮೂರು ಮೀಟರ್ ಅಸ್ತರು!
ಸಣ್ಣ ಹೊಲಿಗೆ, ಒತ್ತೊತ್ತು, ಇಂಚಿಗೆ ಹದಿನಾಲ್ಕು.
ಎಲ್ಲಿ ಕಂಡರೂ ಗುರುತಿಸುತ್ತೇನೆ,
ಅದು ನನ್ನ ಕೈ.

ಬಿಚ್ಚುವುದು ಹೊಲಿಯುವುದಕ್ಕಿಂತ ನಿಧಾನದ ಕೆಲಸ.
ಎಳೆದರೆ ಬಟ್ಟೆ ಹರಿಯುತ್ತದೆ.
ಒಂದು ಉಸಿರಿಗೆ ಒಂದು ಎಳೆ.
ಕೆಲವು ದಿನ ನಾಲ್ಕು ಹೊಲಿಗೆ ಬಿಟ್ಟರೆ ಹೆಚ್ಚು,
ಕೆಲವು ದಿನ ಬೆಳಿಗ್ಗೆ ಬಿಚ್ಚಿದ್ದನ್ನು
ರಾತ್ರಿ ನಾನೇ ಎದ್ದು ಹೊಲಿದಿರುತ್ತೇನೆ.
ಮೊನ್ನೆ ಭಾನುವಾರ ಉಸಿರೂ ಇಲ್ಲ ಏನೂ ಇಲ್ಲ,
ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಅಫ್ರೀನಳಿಗೆ ಇನ್ನೂ ಬಾಯಿಬಿಟ್ಟು ಹೇಳಿಲ್ಲ.
ಹೊಸ ಕತ್ತರಿ ತಂದು ಅವಳ ಮೇಜಿನ ಮೇಲಿಟ್ಟೆ,
ಹಿಡಿ ಅವಳ ಕಡೆ, ಮೊನೆ ನನ್ನ ಕಡೆ.
ತೆಗೆದುಕೊಂಡಳು. ಕೆಂಪು ರೀಲು ಈಗಲೂ
ಸ್ವಲ್ಪ ಸಡಿಲವಾಗಿಯೇ ಸುತ್ತಿದೆ.

ಇವತ್ತು ಮತ್ತೆ ಕೇಳಿದಳು ಹುಡುಗಿ,
ಹತ್ತರಲ್ಲಿ ಎಷ್ಟು?
ಏಳು.
'ಮೊದಲಿನದೇ ಏಳಾ?' ಅಂತ ಮುಖ ಸಣ್ಣದು ಮಾಡಿದಳು.
ಮೊದಲಿನದೇ ತಾಯಿ, ಆದರೆ ಕೂರಲಿಕ್ಕೆ ಜಾಗವಿದೆ, ಅಂದೆ.
ಅವಳು ಪೆನ್ನು ಹಿಡಿದುಕೊಂಡೇ ಇದ್ದಳು,
ಅದನ್ನು ಬರೆಯಲು ಕಾಲಂ ಇರಲಿಲ್ಲ.
ಮುಂದಿನ ವಾರ ಆ ಚೂಡಿದಾರ ತಗೊಂಡು ಬಾ,
ಬಲತೋಳು ಎಳೀತಿದೆ.
ಒಳಗೆ ಬಟ್ಟೆ ಬಿಟ್ಟಿರುತ್ತಾರೆ,
ನೋಡೋಣ.