ಒಂಬತ್ತನೇ ಕಂಬ

ಕೊರ್ತಿಯ ದಂಡೆಗೆ ಬಸ್ಸಿಳಿದೆ.
ಕೊಲ್ಹಾರಕ ತಿಕೀಟ ತಗಸಿ ಇಲ್ಲ್ಯಾಕ ಇಳೀತೀಯೋ ತಮ್ಮಾ,
ಕಂಡಕ್ಟರ ಕೇಳಿದ. ಹೇಳಲಿಲ್ಲ.
ಟ್ರಂಕು ಹೊತ್ತು ಇಳಿಜಾರಿಳಿದೆ,
ಬಂದೇನವಾಜನ ಮೀನಿನ ದೋಣಿಗೆ.

ಹನ್ನೊಂದು ತಿಂಗಳು ಹಡಗಿನ ಹೊಟ್ಟೆಯೊಳಗಿದ್ದೆ
ಎಂಜಿನ್ನಿಗೆ ಎಣ್ಣೆ ಉಣಿಸುತ್ತ.
ಮೊಂಬಾಸಾ, ಸುಯೆಜ್, ಇಸ್ತಾಂಬುಲ್.
ಸೇತುವೆ ಬಂತೆಂದು ಮೇಲಿನವರು ಕೂಗಿದರೆ
ಕೈ ಒರೆಸಿಕೊಂಡು ಏಣಿ ಹತ್ತಿ ಬಂದು
ಕಂಬ ಎಣಿಸುತ್ತಿದ್ದೆ,
ಒಂಬತ್ತಕ್ಕೆ ನಿಲ್ಲಿಸುತ್ತಿದ್ದೆ.
ಎಷ್ಟೋ ಸೇತುವೆಗಳಿಗೆ ಎರಡೇ ಕಂಬ.
ಅವು ನನಗೆ ಸೇತುವೆ ಅನಿಸಲೇ ಇಲ್ಲ.

ಇಲ್ಲಿ ಮಂದಿ ಹಿನ್ನೀರಿಗೆ ಸಮುದ್ರ ಅಂತಾರ.
ಬೊಗಸೆಯಲ್ಲಿ ಎತ್ತಿ ಕುಡಿದೆ. ಉಪ್ಪಿಲ್ಲ.
ಒಂದಿಷ್ಟು ಡೀಸೆಲ್ಲು, ಒಂದಿಷ್ಟು
ಯಾರದೋ ಮುಳುಗಿದ ಎರೆಹೊಲ.

ಅವ್ವ ಇದೇ ಸೇತುವೆಗೆ ಬುಟ್ಟಿ ಹೊತ್ತವಳು,
ಬುತ್ತಿಗಂಟಿನ ಪಕ್ಕ ನನ್ನನ್ನು ಮಲಗಿಸಿ.
ಒಂದು ದಿನ ಒಂಬತ್ತನೇ ಕಂಬದ ಬುಡದಲ್ಲಿ
ಹಸಿ ಕಾಂಕ್ರೀಟಿನೊಳಗೆ ಮೀನಖಂಡದವರೆಗೆ ಕಾಲು ಹೂತು,
ಎಳೆದುಕೊಂಡಾಗ ಕಾಲುಂಗುರ ಇರಲಿಲ್ಲ.
ಮೇಸ್ತ್ರಿ ಸುರಿಯುವುದನ್ನು ನಿಲ್ಲಿಸಲಿಲ್ಲ.
"ಬೆಳ್ಳಿ ಹೋದರ ಹೋಗಲಿ ಯಂಕವ್ವ, ಕಂಬ ಗಟ್ಟಿ ಆಗತೈತಿ."
ಆಕೆ ಮತ್ತೆ ಆ ಕಾಲಿಗೆ ಉಂಗುರ ಹಾಕಲಿಲ್ಲ.
ಅತ್ತೆ ಬೈದಳು. ಓಣಿ ಕೇಳಿತು.
ಐತಲ್ಲ, ಅಂದಳು, ಹೊಳ್ಯಾಗ ಐತಿ.

ಈಗ ಕಂಬಗಳು ಸೊಂಟಮಟ ನೀರಲ್ಲಿ.
ಬಂದೇನವಾಜ ಎಂಜಿನ್ ಸಣ್ಣ ಮಾಡಿದ.
ನೆರಳು ತಣ್ಣಗೆ ಬೆನ್ನ ಮೇಲೆ ಕೂತಿತು,
ತಲೆಯ ಮೇಲೆ ಕಬ್ಬಿನ ಲಾರಿ ಗುಡುಗಿತು.
ಎದ್ದು ನಿಂತು ಬೆರಳ ಗೆಣ್ಣಿನಿಂದ ಬಡಿದೆ
ಬಾಗಿಲು ಬಡಿಯುವ ಹಾಗೆ, ಮೂರು ಸಲ.

"ಯಾವ ಕಡಿಯಿಂದ ಎಣಸೀದಿ?"
"ಕೊರ್ತಿ ಕಡಿಯಿಂದ."
"ನಿಮ್ಮವ್ವ ಕೊಲ್ಹಾರದಾಕಿ."
ಆಮೇಲೆ ಎಂಜಿನ್ನಿನ ಸದ್ದಷ್ಟೇ.
ಅಷ್ಟೂ ದೇಶಗಳಲ್ಲಿ
ತಪ್ಪು ತುದಿಯಿಂದ ಎಣಿಸಿದ್ದೆನೆ?

ದಂಡೆಯಲ್ಲಿ ಅವ್ವ, ಮೊಸರಿನ ಗಡಿಗೆಗಳ ನಡುವೆ,
ಗಿರಾಕಿಗೆ ಚಿಲ್ಲರೆ ಎಣಿಸುತ್ತ.
ಬಂದೆ ಅನ್ನುವ ಮೊದಲೇ ಅದನ್ನು ಕೇಳಿದೆ.
ತಲೆ ಎತ್ತಲಿಲ್ಲ.
"ಯಾವ ಕಡಿಯಿಂದಂತ ಯಾರಿಗ ಗೊತ್ತಪಾ.
ಚಾ ಬರೋ ಕಡಿಯಿಂದ ಎಣಸತಿದ್ದಿವಿ."

ನನ್ನ ಕೈ ಹಿಡಿದು, ತಿರುಗಿಸಿ ನೋಡಿದಳು.
ಗೆಣ್ಣು ತರಚಿತ್ತು, ಬೂದು ಪುಡಿ ಅಂಟಿತ್ತು.
ಹಾಗೇ ಬಿಟ್ಟು
ಉಳಿದ ಚಿಲ್ಲರೆ ಗಿರಾಕಿಯ ಅಂಗೈಗೆ ಹಾಕಿದಳು.

ಹತ್ತು ರೂಪಾಯಿ ಹೆಚ್ಚಿಗೆ ಹೋಗಿತ್ತು.
ಎಣಿಕೆ ತಪ್ಪುವ ಹೆಂಗಸಲ್ಲ ಆಕೆ.