ಜೋಡಿ ಗುಳಿ

ಕ್ಲಾದ್ನೋದ ಪರೀಕ್ಷಾ ಕೋಣೆಯಲ್ಲಿ
ದೊಡ್ಡ ಯಂತ್ರಗಳು ಗೋಡೆಗೆ ಬೆನ್ನು ಕೊಟ್ಟು ನಿಂತಿವೆ.
ವಿಕರ್ಸ್‌ಗೆ ವಜ್ರದ ಮೂಗು,
ಚುಚ್ಚಿದಲ್ಲಿ ಎಳ್ಳಿಗಿಂತ ಸಣ್ಣ ಚೌಕ.
ರಾಕ್‌ವೆಲ್‌ಗೆ ಗಡಿಯಾರದ ಮುಖ,
ಮುಳ್ಳು ನಿಂತಲ್ಲಿಗೆ ತೀರ್ಪು.
ಇವುಗಳೆದುರಿಗೆ ಉಕ್ಕಿನ ತುಂಡು
ಉಜ್ಜಿಸಿಕೊಂಡು, ಹೊಳಪೇರಿಸಿಕೊಂಡು
ಹೆಣ್ಣು ತೋರಿಸುವ ದಿನದ ಹಾಗೆ ಬಂದು ಕೂರಬೇಕು.

ರೈಲಿನ ಗಾಲಿಯಚ್ಚು ಹಾಗೆ ಬರುವುದಿಲ್ಲ.
ಅದು ಅಂಗಳದ ಹಿಮದಲ್ಲಿ, ದಿಮ್ಮಿಗಳ ಮೇಲೆ.
ಒತಾಕರ್ ತಾನೇ ಅಲ್ಲಿಗೆ ಹೋಗುತ್ತಿದ್ದ,
ಒಂದು ಜೇಬಿನಲ್ಲಿ ಸಾಧನ,
ಇನ್ನೊಂದರಲ್ಲಿ ಹಂದಿಕೊಬ್ಬು ಸವರಿದ ಬ್ರೆಡ್ಡು.

ಸಾಧನವೆಂದರೆ ಇಷ್ಟೇ:
ಕೆಳಗೊಂದು ಉಕ್ಕಿನ ಗುಂಡು
(ಕಬ್ಬಿಣದ ಕಡಲೆ ಅನ್ನುತ್ತೇವಲ್ಲ, ಗಾತ್ರ ಹೆಚ್ಚು ಕಡಿಮೆ ಅದೇ),
ಅದರ ನೆತ್ತಿಗೆ ತಗುಲಿಕೊಂಡು ಗೇಣಿಗಿಂತ ಗಿಡ್ಡ ಚೌಕ ಸರಳು.
ಸರಳಿನ ಗಡಸು ಎಷ್ಟೆಂದು ಸರಳಿನ ಮೇಲೇ ಕೊರೆದಿದೆ.
ಅಚ್ಚಿನ ಮೇಲೆ ನೆಟ್ಟಗಿಟ್ಟು
ಸುತ್ತಿಗೆಯಿಂದ ಒಂದೇ ಏಟು.
ಒಂದು ಏಟಿಗೆ ಎರಡು ಗುಳಿ,
ಕೆಳಗೆ ಗೊತ್ತಿಲ್ಲದ್ದರಲ್ಲೊಂದು,
ಮೇಲೆ ಗೊತ್ತಿರುವುದರಲ್ಲೊಂದು.
ಭೂತಗನ್ನಡಿ ಹಿಡಿದು ಎರಡರ ಅಗಲ ಅಳೆ,
ಪಟ್ಟಿ ನೋಡು, ಬರೆ.
ಕೈಯ ಕಸುವು ಲೆಕ್ಕಕ್ಕಿಲ್ಲ.
ಜೋರು ಹೊಡೆದರೆ ಎರಡೂ ಹಿಗ್ಗುತ್ತವೆ,
ಮೆಲ್ಲಗೆ ಹೊಡೆದರೆ ಎರಡೂ ಕುಗ್ಗುತ್ತವೆ,
ಉತ್ತರ ಕೂತಲ್ಲೇ ಕೂತಿರುತ್ತದೆ.

‘ಹಳೆಯ ಗುಳಿಯ ಪಕ್ಕ ಹೊಡೀಬೇಡ’
ಎಂದು ಬ್ಲಾಜೆನಾಗೆ ಮೊದಲ ದಿನವೇ ಹೇಳಿದ್ದ.
‘ಪೆಟ್ಟು ತಿಂದ ಜಾಗದ ಸುತ್ತ ಉಕ್ಕು ಬಿಗಿದುಕೊಂಡಿರುತ್ತೆ,
ಇದ್ದದ್ದಕ್ಕಿಂತ ಹೆಚ್ಚು ಹೇಳುತ್ತೆ.’
ಅವನ ಹೆಂಡತಿ ಎಲ್ಲಿದ್ದಾಳೆಂದು
ಅವಳು ಯಾವತ್ತೂ ಕೇಳಲಿಲ್ಲ.

ಆ ಡಿಸೆಂಬರಿನ ಸುದ್ದಿ ಅವಳಿಗೆ ತಲುಪಿದ್ದು
ಕ್ರೇನಿನವರ ಬಾಯಿಂದ, ಚೂರು ಚೂರಾಗಿ.
ಮೂವತ್ತೇಳು ಅಚ್ಚು, ಕುಲುಮೆಯಲ್ಲಿ ಹದ ತಪ್ಪಿದ್ದು.
ವರ್ಷದ ಗುರಿಗೆ ಅಷ್ಟೇ ಕಡಿಮೆ ಬಿದ್ದಿತ್ತು.
ಎಲ್ಲರ ಮನೆಯ ಸ್ನಾನದ ತೊಟ್ಟಿಯಲ್ಲೂ
ಹಬ್ಬದ ಕಾರ್ಪ್ ಮೀನು ಈಜುತ್ತಿತ್ತು.
ಮೇಲ್ವಿಚಾರಕ ತನ್ನ ಪೆನ್ನನ್ನೇ ಬಿಚ್ಚಿ ಕೊಟ್ಟ:
‘ಒಂದು ಅಂಕಿ ತಾನೆ, ಒತಾಕರ್.’
ಒತಾಕರ್ ಬಂದದ್ದನ್ನು ಬರೆದ.
ಜನವರಿಯಿಂದ ಗುಜರಿ ಅಂಗಳ.
ಆರು ವರ್ಷ, ಸಲಿಕೆ.

ಇವತ್ತು ಅವನ ಬೀರು ಖಾಲಿ ಮಾಡುವ ಕೆಲಸ ಅವಳದು.
ಕನ್ನಡಕದ ಡಬ್ಬಿ, ಒಣಗಿದ ಬೂಟ್ ಪಾಲಿಶು,
ಉಣ್ಣೆಯ ಕಾಲುಚೀಲದೊಳಗೆ ಭಾರವಾಗಿ
ಆ ಸರಳು.

ನಾಲ್ಕು ಮಗ್ಗುಲು, ಮೂವತ್ತೇಳು ಗುಳಿ.
ಅಚ್ಚುಗಳು ಯಾವತ್ತೋ ಕರಗಿ
ಕಂಬಿಯೋ ಬಾಣಲೆಯೋ ಆಗಿ ಹೋಗಿವೆ.
ಜೋಡಿಯಲ್ಲಿ ಒಂದೊಂದೇ ಉಳಿದಿದೆ,
ಒಂಟಿ ಗುಳಿ ಅಚ್ಚಿನ ಬಗ್ಗೆ ಏನನ್ನೂ ಹೇಳದು.
ಅದಕ್ಕೆ ಗೊತ್ತಿರುವುದು
ಲೆಕ್ಕಕ್ಕಿಲ್ಲದ ಸಂಗತಿಯೊಂದೇ.

ಆದರೂ ಅವಳು ದೀಪ ಎಳೆದುಕೊಂಡು ಅಳೆದಳು.
ಮೊದಲ ಮಗ್ಗುಲು: ಮೂರು ಮಿಲಿಮೀಟರು, ಮೂರು, ಮೂರು ಕಾಲು, ಮೂರು.
ಮೂವತ್ತು ವರ್ಷ ಪಳಗಿದ ಕೈ.
ಎರಡನೆಯದೂ ಹಾಗೆಯೇ.
ಮೂರನೆಯದರ ನಡುವಿನಿಂದ ಮೂರೂವರೆ.
ಮೂರೂಮುಕ್ಕಾಲು.
ನಾಲ್ಕನೇ ಮಗ್ಗುಲಲ್ಲಿ ನಾಲ್ಕು, ನಾಲ್ಕು, ಮತ್ತೆ ನಾಲ್ಕು,
ಕೊನೆಯದು ನಾಲ್ಕೂ ಕಾಲು, ಅಂಚು ಉಬ್ಬಿ ನಿಂತಿದೆ.

ಕೈಯ ಕಸುವು ಲೆಕ್ಕಕ್ಕಿಲ್ಲವೆಂದು
ಕಲಿಸಿಕೊಟ್ಟವನೇ ಅವನು.
ಹಿಮದಲ್ಲಿ ಒಬ್ಬನೇ, ಅಚ್ಚಿನಿಂದ ಅಚ್ಚಿಗೆ,
ತೋಳೆತ್ತಿ ತೋಳೆತ್ತಿ
ಬಾರದ ಆ ಅಂಕಿಯನ್ನು ಕೇಳಿದ್ದಾನೆ.

ನಾಲ್ಕನೇ ಮಗ್ಗುಲ ತುದಿಗೆ
ಮೂರು ಗುಳಿಯಷ್ಟು ಜಾಗ ನುಣ್ಣಗೆ ಉಳಿದಿದೆ.
ಬ್ಲಾಜೆನಾ ಅಲ್ಲಿ ಹೆಬ್ಬೆರಳಿಟ್ಟಳು.
ತಣ್ಣಗಿತ್ತು. ಆಮೇಲೆ ಅಷ್ಟೇನೂ ಇರಲಿಲ್ಲ.
ಹೊರಗೆ ಯಾರೋ ಹಾರ್ನ್ ಒತ್ತಿದರು:
ಹದಿನಾಲ್ಕು ಅಚ್ಚು ಇಳಿದಿವೆಯಂತೆ, ಬೇಗ.
ಸರಳನ್ನು ಕಾಲುಚೀಲಕ್ಕೆ ತೂರಿಸಿ
ತನ್ನ ಕೋಟಿನ ಜೇಬಿಗಿಳಿಸಿದಳು,
ಡಬ್ಬಿಯಿಂದ ಹೊಸದೊಂದು ತೆಗೆದಳು.