ಹದಿನೈದು ದಿನ

ಗಂಟಲದಾಗ ಗಂಟು ಅಂದರು ಡಾಕ್ಟರು,
ಸಣ್ಣದು, ಜೋಳದ ಕಾಳಿನಷ್ಟು.
ಹದಿನೈದು ದಿನ ಮಾತು ಬ್ಯಾಡ,
ಪಿಸುಮಾತೂ ಬ್ಯಾಡ.
ನಾ ನಕ್ಕೆ. ನಗೂದೂ ಬ್ಯಾಡ ಅಂದರು.

ಉದ್ಯಮಬಾಗದ ಗೇಟಿನ ಮುಂದ
ಇಪ್ಪತ್ತೆರಡು ವರ್ಷ ಕೂಗಿದ ಗಂಟಲ.
ಫರ್ನೇಸಿನ ಸಪ್ಪಳದ ಮ್ಯಾಲೆ ಕೇಳಬೇಕಲ್ಲ,
ಮೈಕಿಗೆ ಚಂದಾ ಎಂದೂ ಸಾಲಲಿಲ್ಲ.

ಮಗಳ ಪಾಟಿ ಕೊರಳಿಗೆ ಕಟ್ಟಿಕೊಂಡು
ಚಹಾದಂಗಡಿ ಕಟ್ಟಿ ಮ್ಯಾಲೆ ಕುಂತೆ.
ಬಂದರು ಎಲ್ಲರೂ, ದಿನಾ ಬಂದಂಗ.
ಓಟಿ ಮುರಿದದ್ದು, ಬೂಟು ಕೊಡದ್ದು,
ದಸ್ತಗೀರನ ಕಣ್ಣಿಗೆ ಕಿಡಿ ಸಿಡಿದದ್ದು,
ಭರಮಾನ ಹೆಂಡತಿ ತವರಿಗೆ ಹೋದದ್ದೂ.
ನಾ ಉತ್ತರ ಕೊಡದ್ದಕ್ಕೋ ಏನೋ
ಮಂದಿ ಆ ದಿನ ಹೆಚ್ಚು ಹೇಳಿದರು.
ರಾತ್ರಿ ಅವು ಯಾವೂ ತಮ್ಮ ಮನೀಗೆ ಹೋಗಂಗಿಲ್ಲ,
ನನ್ನ ಹಾಸಿಗಿ ಮ್ಯಾಲೆ ಮಲಗ್ತಾವ;
ನಾ ಕುಂತು ಕಾಯ್ತೀನಿ.
ಬಿಪಿ ಗುಳಿಗಿ ಅಂಗಿ ಕಿಸೆದಾಗ,
ಮನವಿಪತ್ರದ ಮಡಿಕ್ಯಾಗ, ಪುಡಿಪುಡಿ.

ಮ್ಯಾನೇಜರ ಕಾರಿನ ಗ್ಲಾಸ ಇಳಿಸಿ
'ಏನ್ರಿ, ಇವತ್ತ ಭಾಳ ಶಾಂತ?' ಅಂದ.
ಬರದೆ: ಸೋಮವಾರ ಮೀಟಿಂಗ್. ಬೂಟು.
ಬೂಟಿನ ಕೆಳಗ ಎರಡು ಗೆರಿ.

ಪಾಳಿ ಬಿಟ್ಟ ಮ್ಯಾಲೆ ನೇಮಣ್ಣ ಬಂದ,
ಮೋಲ್ಡಿಂಗ್ ಖಾತೆಯವ, ಮೂರನೇತ್ತೆಗೆ ಸಾಲಿ ಬಿಟ್ಟವ.
ಏನೂ ಹೇಳಲಿಲ್ಲ. ಬಳಪ ಕಸಿದು
ಕರಿ ಉಸುಕಿನ ಬೆರಳಿಂದ
ಸೊಟ್ಟ ಅಕ್ಷರದಾಗ ಬರದ:
'ನಿಂದು?'

ಅವಗ ಯಾರೂ ಮಾತು ಬ್ಯಾಡ ಅಂದಿರಲಿಲ್ಲ.

ಪಾಟಿ ತಿರುಗಿ ನನ್ನ ತೊಡಿ ಮ್ಯಾಲೆ.
ಬಳಪ ಹಿಡಕೊಂಡೇ ಇದ್ದೆ,
ಚಹಾ ಆರಿ ಕೆನಿ ಕಟ್ಟೂತನಕ.